ಔಷಧಿ ಕೊರತೆ

ವೈದ್ಯರು ಬರೆದುಕೊಟ್ಟ ಮದ್ದು ಅಂಗಡಿಯಲ್ಲೂ ಸಗಟು ವ್ಯಾಪಾರಿಯ ಬಳಿಯೂ ಬೇಕಾದ ಹೊತ್ತಿಗೆ ಸಿಗದ ಸ್ಥಿತಿಯೇ ಔಷಧಿ ಕೊರತೆ. 'ಸ್ಟಾಕ್ ಇಲ್ಲ' ಎಂಬ ಮಾತು ಕೇಳಿಬರುವುದು ಮೆಡಿಕಲ್ ಶಾಪಿನಲ್ಲಾದರೂ ಅದರ ಬೇರು ಎಷ್ಟೋ ತಿಂಗಳ ಹಿಂದೆಯೇ ಕಾರ್ಖಾನೆಯಲ್ಲೋ ಬೆಲೆಪಟ್ಟಿಯಲ್ಲೋ ಇಳಿದಿರುತ್ತದೆ. ಆದ್ದರಿಂದ ಅಂಗಡಿಯ ಕಪಾಟನ್ನು ತುಂಬಿಸುವುದಕ್ಕಿಂತ ಮುನ್ಸೂಚನೆಯನ್ನು ಬೇಗ ತಲುಪಿಸುವುದೇ ಹೆಚ್ಚು ಫಲಕಾರಿ. ಬೇರು ಎಷ್ಟು ಹಿಂದಿರುತ್ತದೆ ಎಂಬುದಕ್ಕೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು ನೋಡಬಹುದು. ರುಮ್ಯಾಟಿಕ್ ಜ್ವರ ಮರುಕಳಿಸಿ ಹೃದಯದ ಕವಾಟ ಕೆಡದಂತೆ ಮೂರು ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ ಕೊಡುವ ಮದ್ದಿದು. ಗರ್ಭಿಣಿಯ ಸಿಫಿಲಿಸ್ ಮಗುವಿಗೆ ದಾಟದಂತೆ ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಪೇಟೆಂಟಿನ ಅಡ್ಡಿಯಿಲ್ಲ, ಬೇಡಿಕೆ ನಿಂತಿಲ್ಲ. ಆದರೂ ಹಲವು ದೇಶಗಳಲ್ಲಿ ಅಭಾವವಾಗಿ 2016ರಲ್ಲಿ ವಿಶ್ವ ಆರೋಗ್ಯ ಸಭೆಯವರೆಗೆ ವಿಷಯ ಹೋಯಿತು. ಕಾರಣ ಇಷ್ಟೇ: ಲಾಭ ತೀರಾ ಕಡಿಮೆ, ಮೂಲದ್ರವ್ಯ ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು, ಅವೂ ಹೆಚ್ಚಾಗಿ ಚೀನಾದಲ್ಲಿ.

ಹಾಗಾದರೆ ಬೆಲೆ ಏರಿಸಿದರೆ ಸಾಕೇ? ಭಾರತದ ಔಷಧಿ ಬೆಲೆ ಪ್ರಾಧಿಕಾರ 2019ರ ಡಿಸೆಂಬರಿನಲ್ಲಿ 21 ಔಷಧಿ ರೂಪಗಳ, 2024ರ ಅಕ್ಟೋಬರಿನಲ್ಲಿ ಅದೇ ಗುಂಪಿನ ಬೆಂಜೈಲ್ ಪೆನಿಸಿಲಿನ್ ಸೇರಿ 11 ಔಷಧಿ ರೂಪಗಳ ಗರಿಷ್ಠ ಬೆಲೆಯನ್ನು ಶೇ. 50ರಷ್ಟು ಏರಿಸಿತು. ಬಡವರಿಗೆ ಇದು ಹೊರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅಗ್ಗದ ಮದ್ದು ಸಿಗದ ದಿನ ಅದೇ ಬಡವರು ದುಬಾರಿ ಮದ್ದು ಕೊಳ್ಳಬೇಕಾಗುತ್ತದೆ, ಇಲ್ಲವೇ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಬೆಲೆಯೊಂದೇ ಸಾಲದು, ತಯಾರಿಕೆಯ ಗುಣಮಟ್ಟವೂ ಬೇಕು. 2022ರ ಕೊನೆಯಲ್ಲಿ ಅಮೆರಿಕದ ತಪಾಸಕರು ಅಹಮದಾಬಾದ್ ಬಳಿಯ ಒಂದು ಕಾರ್ಖಾನೆಯಲ್ಲಿ ಗಂಭೀರ ಲೋಪಗಳನ್ನು ಕಂಡ ಮೇಲೆ ತಯಾರಿಕೆ ನಿಂತಿತು. ಅಮೆರಿಕ ಬಳಸುತ್ತಿದ್ದ ಕ್ಯಾನ್ಸರ್ ಮದ್ದಾದ ಸಿಸ್ಪ್ಲಾಟಿನ್‌ನಲ್ಲಿ ಸುಮಾರು ಅರ್ಧ ಅಲ್ಲಿಂದಲೇ ಹೋಗುತ್ತಿತ್ತು. 2023ರಲ್ಲಿ ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳು ಮದ್ದನ್ನು ಅಳೆದು ಹಂಚಬೇಕಾಯಿತು. ಸಿರಿವಂತ ದೇಶವೂ ಹಳೆಯ ಜೆನೆರಿಕ್ ಮದ್ದಿನ ಮಟ್ಟಿಗೆ ಜಿಪುಣತನ ತೋರಿದ್ದರ ಫಲವೂ ಇದರಲ್ಲಿತ್ತು ಎನ್ನಬೇಕು.

ಅಂಗಡಿಯವರೇ ಹೆಚ್ಚು ದಾಸ್ತಾನು ಇಟ್ಟುಕೊಳ್ಳಬಾರದೇಕೆ ಎಂದು ಕೇಳುವವರುಂಟು. ಬಂಡವಾಳ, ಅವಧಿ ಮೀರುವ ಭಯ, ಶೀತಲ ಪೆಟ್ಟಿಗೆಯ ಜಾಗ ಇವೆಲ್ಲ ತೊಡಕುಗಳೇ. ಅದಕ್ಕಿಂತ ದೊಡ್ಡದು, ಸುದ್ದಿ ಹಬ್ಬಿದೊಡನೆ ಎಲ್ಲರೂ ಎರಡುಪಟ್ಟು ತರಿಸತೊಡಗಿದರೆ ಇದ್ದಷ್ಟೂ ಕೆಲವೇ ಅಂಗಡಿಗಳಲ್ಲಿ ಸಿಕ್ಕಿಬೀಳುತ್ತದೆ. ಇನ್ನು ಮುನ್ಸೂಚನೆಯ ಮಾತು. 2013ರ ಔಷಧಿ ಬೆಲೆ ನಿಯಂತ್ರಣ ಆದೇಶದಂತೆ ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಮದ್ದಿನ ತಯಾರಿಕೆ ನಿಲ್ಲಿಸುವ ಕಂಪನಿ ಕನಿಷ್ಠ ಆರು ತಿಂಗಳು ಮೊದಲೇ ಸಾರ್ವಜನಿಕವಾಗಿ ತಿಳಿಸಬೇಕು. ಇನ್ನೂ ಒಂದು ವರ್ಷದವರೆಗೆ ತಯಾರಿಸುವಂತೆ ಸರ್ಕಾರ ಆದೇಶಿಸಲೂಬಹುದು. ಒಳ್ಳೆಯ ನಿಯಮವೇ. ಆದರೆ ಮೂಲದ್ರವ್ಯ ಬಾರದೆ ಯಂತ್ರ ನಿಂತಾಗ ಇಂಥ ಪೂರ್ವಸೂಚನೆ ಸಿಗದು, ಕೊರತೆಗಳಲ್ಲಿ ಹೆಚ್ಚು ದಿಗಿಲು ಹುಟ್ಟಿಸುವುದೂ ಅಂಥವೇ. ಬದಲಿ ಬ್ರಾಂಡ್ ಕೊಡೋಣವೆಂದರೆ, 1945ರ ಔಷಧ ನಿಯಮಗಳ ಪ್ರಕಾರ ಚೀಟಿ ಕಡ್ಡಾಯವಿರುವ ಮದ್ದುಗಳಲ್ಲಿ ಬರೆದದ್ದನ್ನು ಬಿಟ್ಟು ಬೇರೆಯದನ್ನು, ಒಳಗಿನ ಮದ್ದು ಅದೇ ಆಗಿದ್ದರೂ, ಫಾರ್ಮಸಿಸ್ಟ್ ತಾನಾಗಿ ಕೊಡುವಂತಿಲ್ಲ. ಅಪಸ್ಮಾರದಂಥ ಕಾಯಿಲೆಗಳಲ್ಲಿ ಈ ಬಿಗಿಗೆ ಅರ್ಥವಿದೆ. ಉಳಿದೆಡೆ ವೈದ್ಯರಿಗೆ ಫೋನ್ ಮಾಡಿ ಹೊಸ ಚೀಟಿ ಪಡೆಯುವುದು, ಕೊನೆಯ ಸ್ಟ್ರಿಪ್ ಮುಗಿಯುವ ಮೊದಲೇ ರೋಗಿಗೆ ತಿಳಿಸುವುದು, ಮೂರು ತಿಂಗಳದ್ದನ್ನು ಒಬ್ಬರಿಗೇ ಕೊಡದೆ ತಿಂಗಳ ಮಟ್ಟಿಗೆ ಹಲವರಿಗೆ ಹಂಚುವುದು, ಇಷ್ಟು ಅಂಗಡಿಯ ಅಳವಿನಲ್ಲಿದೆ.