ಹಸಿವಿನ ಚರಿತ್ರೆ, ಸಕ್ಕರೆಯ ವರ್ತಮಾನ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ನಮ್ಮ ಗಾದೆಯಲ್ಲಿ ಹಿತವಚನದ ಜೊತೆಗೆ ಒಂದು ಆರೋಪವೂ ಅಡಗಿದೆ: ರೋಗ ಬಂದವನು ಊಟ ಬಲ್ಲವನಲ್ಲ. ಮಧುಮೇಹದ ವಿಷಯದಲ್ಲಂತೂ ಈ ಆರೋಪವನ್ನು ನಾವು ಸಲೀಸಾಗಿ ಹೊರಿಸುತ್ತೇವೆ. ಕಾಕ್ಕನಾಡಿನಲ್ಲಿ ನೆಲೆಸಿದ ಕನ್ನಡಿಗರಾದ ನಾವು ಹಬ್ಬಕ್ಕೆಂದು ಒಂದೆಡೆ ಸೇರಿದಾಗ ಹೋಳಿಗೆ ಬೇಡವೆನ್ನುವವರೂ ಹೆಚ್ಚುತ್ತಿದ್ದಾರೆ, ಬೇಕೆನ್ನುವವರತ್ತ ತಿರುಗುವ ಕಣ್ಣುಗಳೂ ಹೆಚ್ಚುತ್ತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ ಮಧುಮೇಹವಿದೆ. ಕೇರಳದಲ್ಲಿ ಆ ಪ್ರಮಾಣ ಶೇ. 25.5. ನಾಲ್ವರಲ್ಲಿ ಒಬ್ಬರನ್ನು ನಾಲಿಗೆಯ ದಾಸರೆಂದು ತೀರ್ಮಾನಿಸುವ ಮೊದಲು ಹಸಿವಿನ ಚರಿತ್ರೆಯತ್ತ ಒಮ್ಮೆ ನೋಡಬೇಕು.

ಆ ಚರಿತ್ರೆ ನಮ್ಮ ನೆಲದಲ್ಲೇ ಇದೆ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವನ್ನು ಭೀಕರ ಕ್ಷಾಮ ಕಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಗಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ನಿಗದಿ ಮಾಡಿದರೆ, ಅಲ್ಲಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಅದು ಸಾಲದೆಂದು ಪಟ್ಟು ಹಿಡಿದರು. ಕೇರಳಕ್ಕೂ ಹಸಿವು ಅಪರಿಚಿತವಲ್ಲ. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ, ತಿರುವಾಂಕೂರು ಮತ್ತು ಕೊಚ್ಚಿಯ ಬಡವರು ಮರಗೆಣಸನ್ನು ನೆಚ್ಚಿ ಬದುಕಿದರು.

ಇಂಥ ದಿನಗಳಲ್ಲಿ ದೇಹದೊಳಗೆ ಏನು ನಡೆಯುತ್ತಿತ್ತೆಂಬುದು ಬಹುಕಾಲ ತಿಳಿದಿರಲಿಲ್ಲ. 1912ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ತಮ್ಮ ಶಿಷ್ಯ ವಾಶ್‌ಬರ್ನ್‌ಗೆ ಬಲೂನೊಂದನ್ನು ನುಂಗಿಸಿ, ಹಸಿವಿನ ಸಂಕಟವೂ ಜಠರದ ಸಂಕೋಚನವೂ ಒಟ್ಟಿಗೇ ಬರುವುದನ್ನು ತೋರಿಸಿದರು. ಜಠರವು ಮಿದುಳಿಗೆ ರಾಸಾಯನಿಕ ಸಂದೇಶವನ್ನೂ ಕಳುಹಿಸುತ್ತದೆಂದು ತಿಳಿಯಲು 1999ರವರೆಗೆ ಕಾಯಬೇಕಾಯಿತು. ಆ ವರ್ಷ ಜಪಾನಿನ ಕೊಜಿಮಾ ಮತ್ತು ಕಂಗಾವ ಜಠರದಲ್ಲಿ 28 ಅಮೈನೋ ಆಮ್ಲಗಳ ಒಂದು ಹಾರ್ಮೋನನ್ನು ಕಂಡುಹಿಡಿದು ‘ಗ್ರೆಲಿನ್’ ಎಂದು ಹೆಸರಿಟ್ಟರು. ಬೆಳವಣಿಗೆಯ ಹಾರ್ಮೋನನ್ನು ಪ್ರಚೋದಿಸುವುದರಿಂದ, ‘ಬೆಳೆ’ ಎಂಬರ್ಥದ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವಿನಿಂದ ಈ ಹೆಸರು ಬಂತು. ಊಟಕ್ಕೆ ಮುನ್ನ ಇದು ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಹಾಗಾಗಿ ‘ಹಸಿವಿನ ಹಾರ್ಮೋನು’ ಎಂದೇ ಪ್ರಸಿದ್ಧವಾಯಿತು.

ಆದರೆ ಇದರ ಹಿರಿದಾದ ಕೆಲಸ ತಿಳಿದದ್ದು 2010ರಲ್ಲಿ, ಡಲ್ಲಾಸ್‌ನಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರ ಪ್ರಯೋಗಾಲಯದಿಂದ. ಅಲ್ಲಿ ಇಲಿಗಳಿಗೆ ಒಂದು ವಾರ ಎಂದಿನ ಆಹಾರದ ಶೇ. 40 ಭಾಗವನ್ನಷ್ಟೇ ಕೊಟ್ಟರು. ಸಾಮಾನ್ಯ ಇಲಿಗಳು ರಕ್ತದ ಸಕ್ಕರೆಯನ್ನು ಕಾಯ್ದುಕೊಂಡವು. ಸಕ್ರಿಯ ಗ್ರೆಲಿನ್ ತಯಾರಿಸಲಾಗದ ಇಲಿಗಳಲ್ಲಿ ಸಕ್ಕರೆ ಕುಸಿದು ಅವು ಸಾವಿನ ಅಂಚಿಗೆ ಬಂದವು. ಗ್ರೆಲಿನ್ ಕೊಟ್ಟಾಗ ಚೇತರಿಸಿಕೊಂಡವು. ಅಂದರೆ ಗ್ರೆಲಿನ್ ಬರಗಾಲದ ಕಾವಲುಗಾರ. ಇನ್ಸುಲಿನ್ ಸ್ರವಿಸದಂತೆ ತಡೆದು, ಇದ್ದ ಸಕ್ಕರೆಯನ್ನು ರಕ್ತದಲ್ಲೇ ಉಳಿಸುತ್ತದೆ. ಬರದಲ್ಲಿ ಪ್ರಾಣ ಉಳಿಸುವ ಈ ಗುಣವೇ ಮಧುಮೇಹಿಗೆ ಪ್ರತಿಕೂಲ.

ಹಾಗೆಂದು ಇದನ್ನು ಖಳನಾಯಕನನ್ನಾಗಿಸುವಂತಿಲ್ಲ. ಸ್ಥೂಲಕಾಯರಲ್ಲಿ ಗ್ರೆಲಿನ್ ಹೆಚ್ಚಿರುವುದಿಲ್ಲ, ಬದಲಿಗೆ ಕಡಿಮೆಯೇ ಇರುತ್ತದೆ. 2002ರಲ್ಲಿ ಪ್ರಕಟವಾದ ಸಿಯಾಟಲ್‌ನ ಅಧ್ಯಯನದಲ್ಲಿ, ಆರು ತಿಂಗಳ ಪಥ್ಯದಿಂದ ಶೇ. 17ರಷ್ಟು ತೂಕ ಇಳಿಸಿದವರಲ್ಲಿ ಗ್ರೆಲಿನ್ ಶೇ. 24ರಷ್ಟು ಏರಿತ್ತು. ದೇಹ ಪಥ್ಯವನ್ನೂ ಕ್ಷಾಮವೆಂದೇ ಬಗೆಯುತ್ತದೆ. ಪಥ್ಯ ಹಿಡಿದವರನ್ನು ಮತ್ತೆ ಮತ್ತೆ ಕಾಡುವ ಹಸಿವು ಮನೋದೌರ್ಬಲ್ಯವಲ್ಲ, ಕಾವಲುಗಾರನ ಕೂಗು.

ಗರ್ಭದಲ್ಲಿನ ಪೋಷಣೆಗೂ ಮಧುಮೇಹಕ್ಕೂ ಇರುವ ನಂಟನ್ನು ಹುಡುಕಿದವರು ಮೈಸೂರಿಗೂ ಬಂದರು. ಅಲ್ಲಿ ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ನವಜಾತ ಶಿಶುಗಳ ತೂಕ ಮತ್ತು ಉದ್ದವನ್ನು ದಾಖಲಿಸಿಟ್ಟಿತ್ತು. ಆ ಶಿಶುಗಳು ನಡುವಯಸ್ಸಿಗೆ ಬಂದಾಗ ಕ್ಯಾರೊಲೈನ್ ಫಾಲ್ ಮತ್ತು ಸಂಗಡಿಗರು ಅವರನ್ನು ಹುಡುಕಿ ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದ ಶಿಶುಗಳಿಗೆ ಮುಂದೆ ಮಧುಮೇಹ ಹೆಚ್ಚೆಂದು ಕಂಡಿತ್ತು. 1998ರಲ್ಲಿ ಪ್ರಕಟವಾದ ಮೈಸೂರಿನ ಫಲಿತಾಂಶ ಬೇರೆ ಬಗೆಯದು: ಹುಟ್ಟುವಾಗ ಗಿಡ್ಡಗಿದ್ದು ಉದ್ದಕ್ಕೆ ಮೀರಿ ದುಂಡಗಿದ್ದವರಲ್ಲಿ ಮಧುಮೇಹ ಹೆಚ್ಚಿತ್ತು, ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಸರಳ ಸೂತ್ರ ಇಲ್ಲಿಲ್ಲ. ಆದರೆ ಇಷ್ಟಂತೂ ಸ್ಪಷ್ಟ: ರೋಗದ ಕತೆ ರೋಗಿಯ ಮೊದಲ ತುತ್ತಿಗಿಂತ ಮೊದಲೇ ಆರಂಭವಾಗಿರಬಹುದು.

ಇಂದು ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ನಮ್ಮ ಮಕ್ಕಳಿಗೆ ಬರಗಾಲ ಗೊತ್ತಿಲ್ಲ. ಅವರ ದೇಹಕ್ಕೆ ಗೊತ್ತಿದೆ. ನಿದ್ದೆಗೆಟ್ಟಾಗ ಗ್ರೆಲಿನ್ ಏರುತ್ತದೆಂದು 2004ರಲ್ಲಿ ಷಿಕಾಗೋದ ಸಂಶೋಧಕರು ತೋರಿಸಿದ್ದಾರೆ. ಹೊತ್ತಿಗೆ ಸರಿಯಾದ ಊಟ, ಸಾಕಷ್ಟು ನಿದ್ದೆ, ಒಂದಿಷ್ಟು ನಡಿಗೆ, ವೈದ್ಯರು ಹೇಳಿದ ಔಷಧ: ಇವು ಬೇಕೇ ಬೇಕು. ಊಟ ಬಲ್ಲವರಾಗೋಣ, ನಿಜ. ಜೊತೆಗೆ ಹಸಿವನ್ನೂ ಬಲ್ಲವರಾಗೋಣ. ಹಾಗಾದರೆ ಪಕ್ಕದ ಎಲೆಯಲ್ಲಿ ಹೋಳಿಗೆ ಬಿದ್ದಾಗ ತೀರ್ಪು ಕೊಡುವ ಆತುರ ನಮ್ಮಲ್ಲಿ ತುಸು ಕಡಿಮೆಯಾದೀತು.