ಮಲಾಕ್ಕಾದ ಚೆಟ್ಟಿಯರು, ಜಾರ್ಜಿಯಾದ ಹಾಡು

ಮಲಾಕ್ಕಾದ ಗಾಜಾ ಬೆರಾಂಗ್‌ನಲ್ಲಿ ಚೆಟ್ಟಿ ಸಮುದಾಯದ ಪುಟ್ಟ ವಸ್ತುಸಂಗ್ರಹಾಲಯವಿದೆ. ಹದಿನೈದನೆಯ ಶತಮಾನದಲ್ಲಿ, ಸುಲ್ತಾನರ ಆಳ್ವಿಕೆಯ ಕಾಲಕ್ಕೆ, ಕೋರಮಂಡಲ ಕರಾವಳಿಯ ವರ್ತಕರು ಇಲ್ಲಿಗೆ ಬಂದು, ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ನೆಲೆನಿಂತರು. ಅವರ ವಂಶದವರೇ ಈ ಚೆಟ್ಟಿಯರು. 1781ರಲ್ಲಿ, ಡಚ್ಚರ ಕಾಲದಲ್ಲಿ, ಅವರು ಕಟ್ಟಿದ ಪೊಯ್ಯಾದ ವಿನಾಯಗರ್ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಭೋಗಿಯ ದಿನ ಹಿರಿಯರಿಗೆ ಬಾಳೆಲೆಯಲ್ಲಿ ಎಡೆ ಇಡುತ್ತಾರೆ. ಹೆಂಗಸರ ಉಡುಗೆ ಮಾತ್ರ ಸರೋಂಗ್ ಕೆಬಾಯ, ಮನೆಮಾತು ಮಲಯ್. ತಮಿಳಿನ ಕೆಲವು ಪದಗಳಷ್ಟೇ ಅದರಲ್ಲಿ ಉಳಿದಿವೆ. ದೇವರು, ಹಬ್ಬ, ಹಿರಿಯರು ಎಲ್ಲ ಉಳಿದರು, ಭಾಷೆ ಉಳಿಯಲಿಲ್ಲ.

ಚೆಟ್ಟಿಯರು ವ್ಯಾಪಾರಕ್ಕೆಂದು ತಾವಾಗಿಯೇ ಬಂದವರು. ಅಮೆರಿಕಕ್ಕೆ ಬಂದ ಆಫ್ರಿಕನ್ನರ ಕಥೆ ಬೇರೆ. ಅವರನ್ನು ಸರಪಳಿ ತೊಡಿಸಿ ತಂದರು. ಗುಲಾಮರ ಹಡಗುಗಳು ನಿಲ್ಲುತ್ತಿದ್ದ ಚಾರ್ಲ್ಸ್‌ಟನ್‌ನ ಗ್ಯಾಡ್ಸ್‌ಡನ್ ಧಕ್ಕೆಯ ಜಾಗದಲ್ಲಿಯೇ 2023ರಲ್ಲಿ ಆಫ್ರಿಕನ್ ಅಮೆರಿಕನ್ನರ ಇತಿಹಾಸದ ವಸ್ತುಸಂಗ್ರಹಾಲಯ ತೆರೆಯಿತು. ಬೇರೆ ಬೇರೆ ನುಡಿಯವರು ಒಂದೇ ತೋಟದಲ್ಲಿ ದುಡಿಯಬೇಕಾಗಿ ಬಂದಾಗ ಅವರ ತಾಯ್ನುಡಿಗಳು ಅಳಿದವು. ಆದರೂ ಆ ಕರಾವಳಿಯ ಗಲ್ಲಾ ಜನರ ಮಾತಿನಲ್ಲಿ ಆಫ್ರಿಕದ ಪದಗಳು ಉಳಿದುಕೊಂಡವು.

1930ರ ದಶಕದಲ್ಲಿ ಭಾಷಾವಿದ್ವಾಂಸ ಲೊರೆಂಜೊ ಡೌ ಟರ್ನರ್ ಜಾರ್ಜಿಯಾದ ಅಮೇಲಿಯಾ ಡಾಲಿ ಅವರ ಒಂದು ಹಾಡನ್ನು ಧ್ವನಿಮುದ್ರಿಸಿಕೊಂಡರು. ಅದು ಪಶ್ಚಿಮ ಆಫ್ರಿಕದ ಮೆಂಡೆ ಭಾಷೆಯ ಹಾಡು. ಅದರ ಅರ್ಥ ಆ ಮನೆಯವರಿಗೆ ತಿಳಿದಿರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ಬಂದಿತ್ತು. ಎಷ್ಟೋ ವರ್ಷಗಳ ಮೇಲೆ ಸಂಶೋಧಕರು ಸಿಯೆರಾ ಲಿಯೋನ್‌ನ ಹಳ್ಳಿಯೊಂದರಲ್ಲಿ ಆ ಹಾಡನ್ನು ಬಲ್ಲ ಹೆಂಗಸೊಬ್ಬರನ್ನು ಕಂಡರು. ಸತ್ತವರನ್ನು ಬೀಳ್ಕೊಡುವಾಗ ಹಾಡುವ ಹಾಡದು. 1997ರಲ್ಲಿ ಅಮೇಲಿಯಾರ ಮಗಳು ಮೇರಿ ಮೊರಾನ್ ಆ ಹಳ್ಳಿಗೇ ಹೋದರು. ಯಾವ ದಾಖಲೆಯೂ ಹೇಳದಿದ್ದ ಅವರ ಮೂಲವನ್ನು ಅಮ್ಮ ಕಲಿಸಿದ ಹಾಡು ತೋರಿಸಿಕೊಟ್ಟಿತ್ತು.

ಪೋಷಕರೇ, ಈ ವರ್ಷ ಶಾಲೆ ಮುಗಿಸುವ ಮಕ್ಕಳನ್ನು ರಜೆಯಲ್ಲಿ ಮಲಾಕ್ಕಾಕ್ಕೆ ಕರೆದೊಯ್ಯಿರಿ. ನಾವೂ ಸಮುದ್ರ ದಾಟಿ ಬಂದವರ ಮನೆಯವರೇ. ಸೀರೆ, ಪಾತ್ರೆ, ಹಳೆಯ ಫೋಟೋಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಬಹುದು. ಮಾತು ಉಳಿಯುವುದು ಆಡುವವರ ಬಾಯಲ್ಲಿ. ವಾರಕ್ಕೊಮ್ಮೆ ನಡೆಯುವ ತರಗತಿಯಲ್ಲಿ ನಾವು ಶಿಕ್ಷಕರು ಅಕ್ಷರ ಕಲಿಸಬಲ್ಲೆವು, ಪಾಠ ಓದಿಸಬಲ್ಲೆವು. ಊಟದ ಹೊತ್ತಿನ ಮಾತು, ಊರಿನ ಅಜ್ಜಿಯೊಡನೆ ಫೋನಿನಲ್ಲಿ ಹರಟೆ ಮನೆಯಲ್ಲೇ ಆಗಬೇಕು. ಅಜ್ಜಿ ಹಾಡುವ ಲಾಲಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಅದರ ಅರ್ಥವನ್ನೂ ಅಜ್ಜಿಯಿಂದಲೇ ಕೇಳಿ ಮಕ್ಕಳ ಕೈಯಲ್ಲಿ ಬರೆಸಿಡಿ.