ಕಿಡ್ನಿ ಕಸಿಯ ನಂತರದ ವರ್ಷಗಳು: ಕಾಡುವ ತೊಂದರೆಗಳು, ವಹಿಸಬೇಕಾದ ಎಚ್ಚರ

ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ವಾರಕ್ಕೆ ಎರಡು ಮೂರು ಬಾರಿಯ ಡಯಾಲಿಸಿಸ್ ತಪ್ಪುತ್ತದೆ. ಊಟ, ನಿದ್ದೆ, ದುಡಿಮೆ ಮತ್ತೆ ಹಳಿಗೆ ಬರುತ್ತವೆ. ಆದರೆ ಹೊಸ ಕಿಡ್ನಿ ದೇಹದ ಪಾಲಿಗೆ ಎಂದಿಗೂ ಹೊರಗಿನದೇ. ದೇಹ ಅದನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಆ ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ನುಂಗಬೇಕಾಗುತ್ತದೆ. ಮುಂದಿನ ವರ್ಷಗಳಲ್ಲಿ ಬರುವ ತೊಂದರೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬೋಸ್ಟನ್ ನಗರದಲ್ಲಿ. ಡಾ. ಜೋಸೆಫ್ ಮರ್ರೆ ಅವರು ರೊನಾಲ್ಡ್ ಹೆರಿಕ್ ಅವರ ಕಿಡ್ನಿಯನ್ನು ಅವರ ಅವಳಿ ಸಹೋದರ ರಿಚರ್ಡ್‌ಗೆ ಜೋಡಿಸಿದರು. ತದ್ರೂಪಿ ಅವಳಿಗಳಾದ್ದರಿಂದ ತಿರಸ್ಕಾರದ ಪ್ರಶ್ನೆ ಬರಲಿಲ್ಲ. ಹಾಗಿದ್ದರೂ ರಿಚರ್ಡ್ ಎಂಟು ವರ್ಷಗಳ ಬಳಿಕ ತೀರಿಕೊಂಡರು. ಮೊದಲು ಕಿಡ್ನಿ ಕೆಡಿಸಿದ್ದ ಕಾಯಿಲೆಯೇ ಹೊಸ ಕಿಡ್ನಿಯಲ್ಲೂ ಮರುಕಳಿಸಿತ್ತು. ಭಾರತದಲ್ಲಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ 1971ರಲ್ಲಿ ಯಶಸ್ವಿ ಕಸಿ ನಡೆಯಿತು. ಈಗ ಬದುಕಿರುವ ದಾನಿ ಕೊಟ್ಟ ಕಿಡ್ನಿ ಸಾಮಾನ್ಯವಾಗಿ 15ರಿಂದ 20 ವರ್ಷ, ಮೃತ ದಾನಿಯದು 10ರಿಂದ 15 ವರ್ಷ ನಡೆಯುತ್ತದೆ. ಇದಕ್ಕಿಂತ ಹೆಚ್ಚು ಕಾಲ ನಡೆದದ್ದೂ ಉಂಟು, ಬೇಗ ನಿಂತದ್ದೂ ಉಂಟು.

ಕಿಡ್ನಿ ನಿಧಾನವಾಗಿ ಸೋಲುವುದು

ತಿರಸ್ಕಾರ ಎಂದರೆ ಮೊದಲ ತಿಂಗಳ ಮಾತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಹತ್ತು ವರ್ಷದ ಮೇಲೂ ಅದು ಬರಬಹುದು. ದೊಡ್ಡ ಕಾರಣ ಮಾತ್ರೆ ತಪ್ಪಿಸುವುದು. ಎಲ್ಲವೂ ಚೆನ್ನಾಗಿದೆ, ಇನ್ನು ಯಾಕೆ ಇಷ್ಟು ಖರ್ಚು ಎನ್ನುವ ಯೋಚನೆ ಬರುವುದು ಸಹಜ, ಆದರೆ ಅಪಾಯ ಶುರುವಾಗುವುದೂ ಆಗಲೇ. ಇನ್ನೊಂದು ವಿಚಿತ್ರವೆಂದರೆ, ಕಿಡ್ನಿಯನ್ನು ಕಾಯುವ ಟ್ಯಾಕ್ರೊಲಿಮಸ್ ಮತ್ತು ಸೈಕ್ಲೊಸ್ಪೊರಿನ್ ಔಷಧಗಳೇ ಪ್ರಮಾಣ ಹೆಚ್ಚಾದರೆ ಅದನ್ನು ಕೆಡಿಸುತ್ತವೆ. ಆದ್ದರಿಂದ ರಕ್ತದಲ್ಲಿ ಅವುಗಳ ಮಟ್ಟವನ್ನು ಆಗಾಗ ಅಳೆಯುತ್ತಾರೆ. ಟ್ಯಾಕ್ರೊಲಿಮಸ್ ಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ನುಂಗಿ ಹೋದರೆ ವರದಿ ತಪ್ಪು ಬರುತ್ತದೆ, ದೂರದ ಬಸ್ ಪ್ರಯಾಣವೂ ವ್ಯರ್ಥ. ಒಂದು ಕಂಪನಿಯ ಮಾತ್ರೆ ಸಿಗದಿದ್ದಾಗ ಅಂಗಡಿಯವರು ಇನ್ನೊಂದನ್ನು ಕೊಟ್ಟರೆ ವೈದ್ಯರನ್ನು ಕೇಳದೆ ಬದಲಿಸಬಾರದು.

ಕಿಡ್ನಿ ಸೋಲುವಾಗ ಹೆಚ್ಚಾಗಿ ನೋವಿರುವುದಿಲ್ಲ. ಕ್ರಿಯಾಟಿನಿನ್ ಏರುವುದರಿಂದಲೇ ಗೊತ್ತಾಗುತ್ತದೆ. ಕಾಲು ಊದುವುದು, ಮೂತ್ರ ಕಡಿಮೆಯಾಗುವುದು, ಒಂದೆರಡು ದಿನದಲ್ಲೇ ತೂಕ ಏರುವುದು, ಹೊಸ ಕಿಡ್ನಿ ಇರುವ ಕೆಳಹೊಟ್ಟೆಯಲ್ಲಿ ನೋವು ಕಂಡರೆ ಕಾಯುವಂತಿಲ್ಲ.

ಸೋಂಕು

ಮೊದಲ ಆರು ತಿಂಗಳು ಸೋಂಕಿನ ಭಯ ಹೆಚ್ಚು, ಆಮೇಲೂ ಪೂರ್ತಿ ಹೋಗುವುದಿಲ್ಲ. ಸಿ.ಎಂ.ವಿ. ಮತ್ತು ಬಿ.ಕೆ. ಎಂಬ ವೈರಸ್‌ಗಳು, ಸರ್ಪಸುತ್ತು, ಶಿಲೀಂಧ್ರ, ಮೂತ್ರದ ಸೋಂಕು ಎಲ್ಲವೂ ಬರಬಹುದು. ನಮ್ಮ ದೇಶದಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಕ್ಷಯ. ಕಸಿಯಾದವರಲ್ಲಿ ಅದು ಶ್ವಾಸಕೋಶದಲ್ಲೇ ಇರಬೇಕೆಂದಿಲ್ಲ. ಕೆಮ್ಮಿಲ್ಲದೆ ಬರೀ ಸಂಜೆ ಜ್ವರ, ತೂಕ ಇಳಿಕೆಯಾಗಿಯೂ ಕಾಣಿಸಬಹುದು. ಚಿಕಿತ್ಸೆಯಲ್ಲೂ ಒಂದು ತೊಡಕಿದೆ. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ರಕ್ತದಲ್ಲಿನ ಟ್ಯಾಕ್ರೊಲಿಮಸ್ ಮಟ್ಟವನ್ನು ತೀರ ಇಳಿಸಿ ತಿರಸ್ಕಾರಕ್ಕೆ ದಾರಿ ಮಾಡಬಹುದು. ಹಾಗಾಗಿ ಊರಿನ ಆರೋಗ್ಯ ಕೇಂದ್ರದಲ್ಲಿ ಕ್ಷಯದ ಮಾತ್ರೆ ಶುರುಮಾಡುವ ಮುನ್ನ ಕಸಿಯಾಗಿದೆ ಎಂದು ಹೇಳಲೇಬೇಕು.

ದಡಾರ, ಸೀತಾಳೆ ಸಿಡುಬಿನ ಲಸಿಕೆಗಳಂಥ ಜೀವಂತ ರೋಗಾಣುವಿನ ಲಸಿಕೆಗಳನ್ನು ಇವರಿಗೆ ಕೊಡುವುದಿಲ್ಲ. ಫ್ಲೂ, ನ್ಯುಮೋನಿಯಾ, ಹೆಪಟೈಟಿಸ್ ಬಿ ಲಸಿಕೆಗಳನ್ನು ವೈದ್ಯರು ಹೇಳಿದಂತೆ ಹಾಕಿಸಿಕೊಳ್ಳಬಹುದು. ಬಾವಿ ನೀರನ್ನು ಕುದಿಸಿ ಕುಡಿಯುವುದು ಒಳ್ಳೆಯದು.

ಸಕ್ಕರೆ, ಹೃದಯ, ಮೂಳೆ

ಕಸಿಗೆ ಮುನ್ನ ಸಕ್ಕರೆ ಕಾಯಿಲೆ ಇಲ್ಲದವರಿಗೂ ನಂತರ ಅದು ಬರುವುದುಂಟು; ಸ್ಟೆರಾಯ್ಡ್ ಮತ್ತು ಟ್ಯಾಕ್ರೊಲಿಮಸ್ ಎರಡೂ ಅದಕ್ಕೆ ಕಾರಣ. ಬಿ.ಪಿ., ಕೊಲೆಸ್ಟರಾಲ್ ಕೂಡ ಏರುತ್ತವೆ. ಕಿಡ್ನಿ ಚೆನ್ನಾಗಿ ನಡೆಯುತ್ತಿರುವಾಗಲೇ ಸಾಯುವವರಲ್ಲಿ ಹೃದಯದ ಕಾಯಿಲೆ ಒಂದು ಮುಖ್ಯ ಕಾರಣ. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡದವರು ಕಿಡ್ನಿ ಕೊಟ್ಟ ಅಕ್ಕನಿಗೋ ತಾಯಿಗೋ ಏನು ಉತ್ತರ ಹೇಳುತ್ತಾರೋ.

ಸ್ಟೆರಾಯ್ಡ್‌ನಿಂದ ಮೂಳೆ ಸವೆಯುತ್ತದೆ. ತೊಡೆಮೂಳೆಯ ತಲೆಗೆ ರಕ್ತ ಹರಿಯದೆ ಸೊಂಟದ ಕೀಲು ಕೆಡುವುದೂ ಇದೆ. ಹಾಗೆಂದು ಸ್ಟೆರಾಯ್ಡನ್ನು ತಾವಾಗಿ ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಚರ್ಮದ ಕ್ಯಾನ್ಸರ್, ದುಗ್ಧಗ್ರಂಥಿಗಳ ಕ್ಯಾನ್ಸರ್, ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇತರರಿಗಿಂತ ಇವರಲ್ಲಿ ಹೆಚ್ಚು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಕನಿಷ್ಠ ಒಂದು ವರ್ಷ ಕಾಯಬೇಕು. ಮೈಕೊಫೆನೊಲೇಟ್ ಮಾತ್ರೆಯಿಂದ ಮಗುವಿನ ಅಂಗಗಳಲ್ಲಿ ದೋಷ ಬರಬಹುದಾದ್ದರಿಂದ ಗರ್ಭ ಧರಿಸುವ ಕನಿಷ್ಠ ಆರು ವಾರ ಮೊದಲೇ ವೈದ್ಯರು ಅದನ್ನು ನಿಲ್ಲಿಸಿ ಬೇರೆ ಔಷಧ ಕೊಡುತ್ತಾರೆ.

ಅಂಗಡಿ ಮಾತ್ರೆ, ಹಿತ್ತಿಲ ಹಣ್ಣು

ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಕ್ಲಾರಿತ್ರೊಮೈಸಿನ್, ಫ್ಲುಕೊನಜೋಲ್ ಔಷಧಗಳು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತವೆ. ಚಕ್ಕೋತ ಹಣ್ಣೂ ಹಾಗೇ ಮಾಡಬಹುದು, ದೂರವಿಡುವುದು ಲೇಸು. ಕರಾವಳಿಯ ಹಿತ್ತಿಲುಗಳ ಬಿಂಬುಳಿ ಮತ್ತು ಧಾರೆಹುಳಿಯಲ್ಲಿ ಆಕ್ಸಲೇಟ್ ವಿಪರೀತ. ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡವರ ವಿವರ ಕೇರಳದಿಂದ ವೈದ್ಯಕೀಯ ಪತ್ರಿಕೆಯಲ್ಲಿ 2013ರಲ್ಲಿ ಬಂದಿತ್ತು. ಅವರು ಕಸಿಯಾದವರೇ ಆಗಿರಬೇಕಿಲ್ಲ. ಒಂದೇ ಕಿಡ್ನಿಯ ಮೇಲೆ ನಿಂತವರಿಗೆ ಅಪಾಯ ಇನ್ನೂ ಹೆಚ್ಚು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಮಾರುವ ಕಷಾಯ, ಲೇಹ್ಯಗಳು ಇವರಿಗೆ ಹೇಳಿಸಿದ್ದಲ್ಲ. ನಾಟಿ ವೈದ್ಯರ ಬಗ್ಗೆ ಅಗೌರವವಿಲ್ಲ, ಆದರೆ ಇಲ್ಲಿ ಬೇಕಾಗಿರುವುದು ಆ ಶಕ್ತಿ ತಗ್ಗಿರುವುದೇ.

ಗಡಿಯ ತೊಡಕು

ಮಂಜೇಶ್ವರ, ಕುಂಬಳೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಹೊಸೂರು, ಮಡಕಶಿರಾದವರು ಬೆಂಗಳೂರಿಗೆ, ಜತ್ತದವರು ಮೀರಜಕ್ಕೋ ವಿಜಯಪುರಕ್ಕೋ ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತಿದೆ. ಸಣ್ಣ ಪೇಟೆಯ ಔಷಧ ಅಂಗಡಿಗಳಲ್ಲಿ ಕಸಿಯ ಮಾತ್ರೆಗಳು ಯಾವಾಗಲೂ ಸಿಗುವುದಿಲ್ಲವಾದ್ದರಿಂದ ಎರಡು ಮೂರು ವಾರಕ್ಕಾಗುವಷ್ಟು ಮನೆಯಲ್ಲಿರಲಿ. ಒಂದು ರಾಜ್ಯದ ಆರೋಗ್ಯ ಕಾರ್ಡು ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ, ನಂತರದ ಮಾತ್ರೆಗಳಿಗೂ ಅನ್ವಯಿಸುತ್ತದೆಯೇ ಎಂದು ಕಸಿಗೆ ಮೊದಲೇ ವಿಚಾರಿಸಬೇಕು. ಕಸಿಯ ದಿನಾಂಕ, ಈಗಿನ ಮಾತ್ರೆ ಮತ್ತು ಪ್ರಮಾಣ, ಕೊನೆಯ ಕ್ರಿಯಾಟಿನಿನ್, ಕಸಿ ಮಾಡಿದ ಆಸ್ಪತ್ರೆಯ ಫೋನ್ ನಂಬರು ಬರೆದ ಒಂದು ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿ ಕಿಸೆಯಲ್ಲಿಟ್ಟುಕೊಂಡರೆ ರಾತ್ರಿ ಜ್ವರ ಬಂದಾಗ ಹತ್ತಿರದ ಆಸ್ಪತ್ರೆಯ ವೈದ್ಯರು ಮಲಯಾಳದವರಿರಲಿ, ಮರಾಠಿಯವರಿರಲಿ, ವಿಷಯ ತಿಳಿಸುವುದು ಸುಲಭವಾಗುತ್ತದೆ.